ಅಮೆರಿಕದಿಂದ ಬೆಂಗಳೂರಿಗೆ ವಾಪಸ್ ಬಂದು ಮಕ್ಕಳನ್ನು ಆನ್‌ಲೈನ್ ಹೈಸ್ಕೂಲಿಗೆ ಹಾಕಿರುವ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಹತ್ತು ಹದಿನೈದು ವರ್ಷ ಅಮೆರಿಕದಲ್ಲಿದ್ದು, ಅತ್ತೆ-ಮಾವನಿಗೆ ವಯಸ್ಸಾಯಿತು ಅಂತಲೋ, ಕೆಲಸ ಇಲ್ಲಿಗೇ ಬಂತು ಅಂತಲೋ ಬೆಂಗಳೂರಿಗೆ ವಾಪಸ್ ಬಂದವರಿಗೆ ಈ ಪತ್ರ. ಮಕ್ಕಳ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇದೆ. ಕಾಲೇಜಿಗೆ ಹೇಗಿದ್ದರೂ ಅಲ್ಲಿಗೇ ತಾನೇ ಅಂದುಕೊಂಡು, ಇಲ್ಲಿನ ಶಾಲೆಯ ಬದಲು ಅಮೆರಿಕದ ಯಾವುದೋ ಆನ್‌ಲೈನ್ ಹೈಸ್ಕೂಲಿಗೆ ಸೇರಿಸಿದ್ದೀರಿ. ಅಥವಾ ಸೇರಿಸಬೇಕು ಅಂತಿದ್ದೀರಿ. ನನ್ನ ಮಗಳು ಇದೇ ದಾರಿಯಲ್ಲಿ ಓದಿ ಈಗ ಕಾಲೇಜಿನಲ್ಲಿದ್ದಾಳೆ. ಯಾವ ಕಾಲೇಜು ಅಂತ ಮಾತ್ರ ಕೇಳಬೇಡಿ. ಹೆಸರು ಹೇಳಿದ ಕೂಡಲೇ ಮಾತೆಲ್ಲ ಆ ಕಡೆ ಹೋಗಿಬಿಡುತ್ತದೆ, ಹೇಳಬೇಕಾದ್ದು ಉಳಿದುಬಿಡುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. 'ಆನ್‌ಲೈನ್ ಹೈಸ್ಕೂಲ್ ಸರ್ಟಿಫಿಕೇಟನ್ನು ಯೂನಿವರ್ಸಿಟಿಗಳು ಒಪ್ಪುತ್ತವಾ?' ಒಪ್ಪುತ್ತವೆ. ಇದರಲ್ಲಿ ಅನುಮಾನವೇ ಬೇಡ. ಮನೆಯಲ್ಲಿ ಕೂತು ಓದುವ ಹೈಸ್ಕೂಲ್ ಅಮೆರಿಕಕ್ಕೆ ಹೊಸದೂ ಅಲ್ಲ. ನೆಬ್ರಾಸ್ಕ ಯೂನಿವರ್ಸಿಟಿಯವರು 1929ರಲ್ಲೇ ಅಂಚೆ ಮೂಲಕ ಹೈಸ್ಕೂಲ್ ಪಾಠ ಕಳಿಸಲು ಶುರು ಮಾಡಿದ್ದರು. ಫ್ಲೋರಿಡಾ ವರ್ಚುವಲ್ ಸ್ಕೂಲ್ 1997ರಲ್ಲಿ ಬಂತು, ಸ್ಟ್ಯಾನ್‌ಫರ್ಡ್ ಆನ್‌ಲೈನ್ ಹೈಸ್ಕೂಲ್ 2006ರಲ್ಲಿ. ಅಲ್ಲಿನ ಅಡ್ಮಿಷನ್ ಆಫೀಸಿನವರಿಗೆ ಆನ್‌ಲೈನ್ ಅಂದರೆ ಗಾಬರಿ ಏನಿಲ್ಲ.

ನಾವು ಕೇಳಬೇಕಾದದ್ದು ಬೇರೆ ಎರಡು ಪ್ರಶ್ನೆ. ನಮ್ಮ ಮಗು ಯಾವ ರಾಜ್ಯದ್ದು? ಅದರ ಶಾಲೆಯ ಬಗ್ಗೆ ಹೊರರಾಜ್ಯದ ಯೂನಿವರ್ಸಿಟಿಗೆ ಹೇಳುವವರು ಯಾರು?

ಮೊದಲನೆಯದರ ಉತ್ತರ ಹೊಟ್ಟೆ ಉರಿಸುತ್ತದೆ. ನಮ್ಮ ಮಕ್ಕಳು ಯಾವ ರಾಜ್ಯದವರೂ ಅಲ್ಲ. ದೇಶದ ಮಟ್ಟಿಗೆ ಪ್ರಜೆಗಳು, ಆದರೆ 50 ರಾಜ್ಯಕ್ಕೂ ಹೊರಗಿನವರು. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಒಳಗಿನವರಿಗೆ ಒಂದು ಫೀಸು, ಹೊರಗಿನವರಿಗೆ ಇನ್ನೊಂದು ಫೀಸು ಇಟ್ಟಿವೆ. ಒಳಗಿನವರು ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಅಪ್ಪ-ಅಮ್ಮ ಆ ರಾಜ್ಯದಲ್ಲಿ ಕಡೇಪಕ್ಷ 12 ತಿಂಗಳಿಂದ ವಾಸ ಇರಬೇಕು. ಮಗು ಅಪ್ಪ-ಅಮ್ಮನನ್ನು ಅವಲಂಬಿಸಿರುವಷ್ಟು ದಿನ ಅಪ್ಪ-ಅಮ್ಮನ ರಾಜ್ಯವೇ ಮಗುವಿನ ರಾಜ್ಯ. ನಾವು ಇರುವುದು ಬನಶಂಕರಿಯಲ್ಲಿ. ನ್ಯೂಜೆರ್ಸಿಯ ಮನೆ ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದೇವೆ ಅಂದರೆ ಆಗಲ್ಲ. ಡಲ್ಲಾಸಿನ ಚಿಕ್ಕಪ್ಪನ ವಿಳಾಸ ಕೊಟ್ಟರೂ ಆಗಲ್ಲ. ಸುಳ್ಳು ವಿಳಾಸ ಕೊಟ್ಟು ಸಿಕ್ಕಿಬಿದ್ದರೆ ಹಿಂದಿನ ಫೀಸಿನ ವ್ಯತ್ಯಾಸವನ್ನೂ ಕಕ್ಕಿಸುತ್ತಾರೆ.

ಮಕ್ಕಳನ್ನು ಆನ್‌ಲೈನ್ ಶಾಲೆಗೆ ಹಾಕಿದವರಿಗೆ ಇನ್ನೊಂದು ಭ್ರಮೆ ಇರುತ್ತದೆ. ಶಾಲೆಯ ವಿಳಾಸ ಕ್ಯಾಲಿಫೋರ್ನಿಯಾದಲ್ಲಿದೆ, ಹಾಗಾದರೆ ನಮ್ಮ ಹುಡುಗ ಕ್ಯಾಲಿಫೋರ್ನಿಯಾದವನೇ ಅಲ್ವಾ? ಅಲ್ಲ. ಶಾಲೆ ಎಲ್ಲಿ ರಿಜಿಸ್ಟರ್ ಆಗಿದೆ ಅನ್ನುವುದರಿಂದ ನೀವು ಅಲ್ಲಿನ ನಿವಾಸಿ ಆಗುವುದಿಲ್ಲ.

ಇದು ಅನ್ಯಾಯ ಅಂತ ಕೂಗುವ ಮುಂಚೆ ನಮ್ಮ ಸಿಇಟಿ ನೆನಪಿಸಿಕೊಳ್ಳಿ. ಕರ್ನಾಟಕದ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಬೇಕು ಅಂದರೆ ಇಲ್ಲಿ ಏಳು ವರ್ಷ ಓದಿರಬೇಕು ಅಂತ ನಾವೂ ಕೇಳುತ್ತೇವೆ. ತೆರಿಗೆ ಕಟ್ಟಿದವರ ಮಕ್ಕಳಿಗೆ ಮೊದಲು ಬಡಿಸುತ್ತಾರೆ, ಅಷ್ಟೇ. ನಾರ್ತ್ ಕ್ಯಾರೊಲಿನಾದವರು 1986ರಲ್ಲಿ ಹೊರರಾಜ್ಯದ ಹೊಸ ವಿದ್ಯಾರ್ಥಿಗಳು ನೂರಕ್ಕೆ 18ರ ಮೇಲೆ ಇರಬಾರದು ಅಂತ ನಿಯಮ ಮಾಡಿ, ಚಾಪೆಲ್ ಹಿಲ್‌ನ ಸರ್ಕಾರಿ ಯೂನಿವರ್ಸಿಟಿಯಂಥ ಕಡೆ ದಶಕಗಟ್ಟಲೆ ಪಾಲಿಸಿದರು. ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಹತ್ತರಲ್ಲಿ ಒಂಬತ್ತು ಸೀಟು ಟೆಕ್ಸಸ್‌ನವರಿಗೇ. ಜಾರ್ಜಿಯಾ ಟೆಕ್‌ನಲ್ಲಂತೂ ಅರ್ಜಿಯ ಕೊನೆಯ ದಿನವೇ ಬೇರೆ ಬೇರೆ. ಮೊದಲ ಸುತ್ತಿನ ಅರ್ಜಿ ಜಾರ್ಜಿಯಾದ ಮಕ್ಕಳಿಗೆ ಅಕ್ಟೋಬರ್ ಮಧ್ಯಕ್ಕೆ, ಹೊರಗಿನವರಿಗೆ ನವೆಂಬರ್ ಮೊದಲಿಗೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮಿಶಿಗನ್ ಯೂನಿವರ್ಸಿಟಿಯಲ್ಲಿ ಹೊರಗಿನವರ ಟ್ಯೂಷನ್ ಫೀಸು ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸು. ಒಳಗಿನವರಿಗೆ ಅದರ ಮೂರನೇ ಒಂದು ಭಾಗವೂ ಇಲ್ಲ. ಕ್ಯಾಲಿಫೋರ್ನಿಯಾದ ಯುಸಿಗಳಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅನ್ನುವ ಸರ್ಕಾರಿ ಕ್ಯಾಂಪಸ್ಸುಗಳು) ಎಲ್ಲರ ಫೀಸಿನ ಮೇಲೆ ಹೊರಗಿನವರು ಇನ್ನೂ 30 ಸಾವಿರ ಡಾಲರಿಗಿಂತ ಜಾಸ್ತಿ ಕಟ್ಟಬೇಕು. ಇದನ್ನು ನಾಲ್ಕರಿಂದ ಗುಣಿಸಿ, ಆಮೇಲೆ ರೂಪಾಯಿಗೆ ತಿರುಗಿಸಿ. ಬೇಡ, ರಾತ್ರಿ ಹೊತ್ತು ಮಾಡಬೇಡಿ.

ಆದರೆ ಇಲ್ಲೇ ನಮ್ಮಂಥವರಿಗೆ ಒಂದು ಕಿಂಡಿ ಇದೆ. ಮಗು ಅಮೆರಿಕದ ಪ್ರಜೆ ಆಗಿದ್ದರೆ, ಬೆಂಗಳೂರಿನಲ್ಲಿದ್ದುಕೊಂಡೇ ಫಾಫ್ಸಾ (ಕಾಲೇಜು ಖರ್ಚಿಗೆ ಅಮೆರಿಕ ಸರ್ಕಾರದ ಸಹಾಯ ಕೇಳುವ) ಅರ್ಜಿ ತುಂಬಬಹುದು. ಅಪ್ಪ-ಅಮ್ಮ ಗ್ರೀನ್ ಕಾರ್ಡ್ ಬಿಟ್ಟುಕೊಟ್ಟಿದ್ದರೂ ಪರವಾಗಿಲ್ಲ. ನಮ್ಮ ರೂಪಾಯಿ ಸಂಬಳವನ್ನು ಅಲ್ಲಿ ಡಾಲರಿಗೆ ತಿರುಗಿಸಿ ಬರೆಯಬೇಕು. ಇಲ್ಲಿ ದೊಡ್ಡದಾಗಿ ಕಾಣುವ ಸಂಬಳ ಅಲ್ಲಿ ಎಷ್ಟು ಸಣ್ಣದು ಅಂತ ಆಗಲೇ ಗೊತ್ತಾಗೋದು. ಖಾಸಗಿ ಕಾಲೇಜುಗಳಲ್ಲಿ ಒಳಗಿನವರು ಹೊರಗಿನವರು ಅನ್ನುವ ಫೀಸಿನ ಭೇದವೇ ಇಲ್ಲ. ಮನೆಯ ಆದಾಯ ನೋಡಿ ಸಹಾಯ ಕೊಡುವ ಖಾಸಗಿ ಕಾಲೇಜು ಎಷ್ಟೋ ಸಲ ಹೊರರಾಜ್ಯದ ಸರ್ಕಾರಿ ಯೂನಿವರ್ಸಿಟಿಗಿಂತ ಅಗ್ಗ ಬೀಳುತ್ತದೆ. ಆದರೆ ಊರಿನ ಸೈಟು, ಎರಡನೇ ಫ್ಲಾಟು ಎಲ್ಲ ಆಸ್ತಿಯ ಕಾಲಂನಲ್ಲಿ ಬರೆಯಬೇಕಾಗುತ್ತದೆ, ಅದು ನೆನಪಿರಲಿ. ಇನ್ನು ಅಲಬಾಮಾದಂಥ ಸರ್ಕಾರಿ ಯೂನಿವರ್ಸಿಟಿಗಳು ಗ್ರೇಡು ಮತ್ತು ಸ್ಯಾಟ್ (ಕಾಲೇಜು ಪ್ರವೇಶದ ಪರೀಕ್ಷೆ) ಅಂಕ ನೋಡಿ ಹೊರರಾಜ್ಯದವರಿಗೂ ತಾವಾಗಿಯೇ ಫೀಸು ಇಳಿಸುತ್ತವೆ. ಹೆಸರು ಕೇಳಿದರೆ ನೆಂಟರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ, ಫೀಸು ಕಟ್ಟೋದು ಅವರಲ್ಲ.

ಮಗು ಇಲ್ಲೇ ಹುಟ್ಟಿ ಎಚ್-4 ವೀಸಾದಲ್ಲಿ (ಕೆಲಸದ ವೀಸಾದವರ ಮನೆಯವರಿಗೆ ಕೊಡುವುದು) ಹೋಗಿ ಬಂದಿದ್ದರೆ ಫಾಫ್ಸಾ ಅನ್ವಯಿಸಲ್ಲ. ಆಗ ಅವರು ವಿದೇಶಿ ವಿದ್ಯಾರ್ಥಿ. ಶಾಲೆ ಅಮೆರಿಕದ್ದು ಅಂದ ಮಾತ್ರಕ್ಕೆ ಅದು ಬದಲಾಗೋದಿಲ್ಲ.

ಈಗ ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ.

ಆನ್‌ಲೈನ್ ಶಾಲೆ ಅನ್ನುವ ಒಂದೇ ಬೋರ್ಡಿನ ಕೆಳಗೆ ಬೇರೆ ಬೇರೆ ಜಾತಿಯ ಶಾಲೆಗಳಿವೆ. ಕೆಲವು ಡಿಪ್ಲೊಮಾನೇ (ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟು) ಕೊಡುವುದಿಲ್ಲ. ನಾರ್ತ್ ಕ್ಯಾರೊಲಿನಾದ ಸರ್ಕಾರಿ ವರ್ಚುವಲ್ ಶಾಲೆ ಕೋರ್ಸು ಮಾತ್ರ ಕಲಿಸುತ್ತದೆ. ಅಂಕ ಸೇರುವುದು ಮಗುವಿನ ಮಾಮೂಲಿ ಶಾಲೆಯ ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಅಂಕಪಟ್ಟಿಗೆ. ಫ್ಲೋರಿಡಾದ ಶಾಲೆಯಲ್ಲಿ ಪೂರ್ತಿ ಓದುವ ವಿಭಾಗ ಬೇರೆ, ಬಿಡಿ ಕೋರ್ಸಿನ ವಿಭಾಗ ಬೇರೆ. ಡಿಪ್ಲೊಮಾ ಮೊದಲನೆಯದರಲ್ಲಿ ಮಾತ್ರ. ರಾಜ್ಯ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಗಳು ಆ ರಾಜ್ಯದಲ್ಲಿ ವಾಸ ಇರುವವರಿಗಷ್ಟೇ ಪುಕ್ಕಟೆ. ಅಲ್ಲಿದ್ದಾಗ ಸೇರಿಸಿ, ಇಲ್ಲಿಗೆ ಬಂದ ಮೇಲೂ ಸುಮ್ನೆ ಮುಂದುವರಿಸೋಣ ಅಂದುಕೊಂಡರೆ ಆಗಲ್ಲ. ನಮಗೆ ಉಳಿಯುವುದು ಫೀಸು ತೆಗೆದುಕೊಳ್ಳುವ ಖಾಸಗಿ ಶಾಲೆಗಳು ಅಥವಾ ಯೂನಿವರ್ಸಿಟಿಗಳೇ ನಡೆಸುವ ಹೈಸ್ಕೂಲುಗಳು. ಅದರಲ್ಲೂ 'ಅಕ್ರೆಡಿಟೆಡ್' ಅಂತ ಎಲ್ಲರೂ ಬರೆದುಕೊಂಡಿರುತ್ತಾರೆ. ಮಾನ್ಯತೆ ಕೊಟ್ಟವರು ಯಾರು ಅಂತ ಕೇಳಿ. ಕಾಗ್ನಿಯಾ, ವಾಸ್ಕ್, ಮಿಡ್ಲ್ ಸ್ಟೇಟ್ಸ್ ಇಂಥ ಹೆಸರಿದ್ದರೆ ಆ ಸಂಸ್ಥೆಯ ವೆಬ್‌ಸೈಟಿಗೇ ಹೋಗಿ ಶಾಲೆಯ ಹೆಸರು ಹುಡುಕಿ. ಶಾಲೆಯ ವೆಬ್‌ಸೈಟಿನಲ್ಲಿರುವ ಮುದ್ರೆ ನೋಡಿ ನಂಬಬೇಡಿ.

ಮಾನ್ಯತೆ ಇದ್ದರೂ ಕೆಲಸ ಮುಗಿಯಲಿಲ್ಲ. ಒಂದು ಊರಿನ ಸರ್ಕಾರಿ ಹೈಸ್ಕೂಲಿನಿಂದ ಆ ರಾಜ್ಯದ ಯೂನಿವರ್ಸಿಟಿಗೆ ವರ್ಷಾ ವರ್ಷ ಮಕ್ಕಳು ಹೋಗುತ್ತಿರುತ್ತಾರೆ. ಅಲ್ಲಿ ಎ ಗ್ರೇಡು ಅಂದರೆ ಎಷ್ಟು ಕಷ್ಟ, ಯಾವ ಮೇಷ್ಟ್ರ ಪಾಠ ಹೇಗೆ ಅಂತ ಅಡ್ಮಿಷನ್ ಆಫೀಸಿಗೆ ಗೊತ್ತಿರುತ್ತದೆ. ನಮ್ಮ ಮಕ್ಕಳ ಫೈಲು ಮೂರು ರಾಜ್ಯ ದಾಟಿ ಇನ್ಯಾರದ್ದೋ ಮೇಜಿಗೆ ಹೋಗುತ್ತದೆ. ಆ ಶಾಲೆಯ ಹೆಸರನ್ನು ಅವರು ಅದೇ ಮೊದಲ ಸಲ ನೋಡುತ್ತಿರಬಹುದು. ಅವರಿಗೆ ಸಿಗುವುದು 'ಸ್ಕೂಲ್ ಪ್ರೊಫೈಲ್' ಅನ್ನುವ ಒಂದೆರಡು ಪುಟ. ಶಾಲೆಯಲ್ಲಿ ಎಷ್ಟು ಮಕ್ಕಳು, ಗ್ರೇಡು ಹೇಗೆ ಕೊಡುತ್ತಾರೆ, ಯಾವ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸುಗಳಿವೆ, ಹಿಂದಿನ ವರ್ಷದವರು ಎಲ್ಲೆಲ್ಲಿ ಸೇರಿದರು, ಇಷ್ಟೆಲ್ಲ ಅದರಲ್ಲಿರುತ್ತದೆ. ಇರಬೇಕು. ನೀವು ನೋಡುತ್ತಿರುವ ಶಾಲೆಯ ಪ್ರೊಫೈಲನ್ನು ಸೇರಿಸುವ ಮುಂಚೆಯೇ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಬರೀ ಗುರಿ, ಧ್ಯೇಯ, ನಗುವ ಮಕ್ಕಳ ಫೋಟೋ ಇದ್ದರೆ ಆ ಶಾಲೆ ಬೇಡ.

ಆಮೇಲೆ ಕೌನ್ಸೆಲರ್. ಇವರ ಕೆಲಸ ಏನು ಅಂತ ನಮಗೆ, ಪಿಯುಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡಿಸಿ ಸೀಟು ತಗೊಂಡವರಿಗೆ, ಬೇಗ ಅರ್ಥ ಆಗೋದಿಲ್ಲ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟು) ಅರ್ಜಿ ಹಾಕಿದರೆ ಅರ್ಧ ಕೆಲಸ ಮಗುವಿನದು, ಇನ್ನರ್ಧ ಶಾಲೆಯದು. ಟ್ರಾನ್ಸ್‌ಕ್ರಿಪ್ಟ್, ಪ್ರೊಫೈಲ್, ಕೌನ್ಸೆಲರ್ ಪತ್ರ, ಈ ಮಗು ತೆಗೆದುಕೊಂಡ ಕೋರ್ಸುಗಳು ಶಾಲೆಯ ಉಳಿದವರಿಗೆ ಹೋಲಿಸಿದರೆ ಎಷ್ಟು ಕಠಿಣ ಅನ್ನುವ ಅಭಿಪ್ರಾಯ, ಹನ್ನೆರಡನೇ ಕ್ಲಾಸಿನ ಅರ್ಧ ವರ್ಷದ ಗ್ರೇಡು, ಇದೆಲ್ಲ ಅವರೇ ಕಳಿಸಬೇಕು. ಆನ್‌ಲೈನ್ ಶಾಲೆಯಲ್ಲಿ ಆ ಮನುಷ್ಯ ನಿಮ್ಮ ಮಗುವನ್ನು ಮುಖತಃ ನೋಡಿಯೇ ಇರುವುದಿಲ್ಲ. ಕಾರಿಡಾರಿನಲ್ಲಿ ಎದುರಾಗಿ 'ಹೇಗಿದ್ದೀಯಾ' ಅಂದಿರುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ, ಅರ್ಜಿಗಳೆಲ್ಲ ಹೊರಡುವ ಹೊತ್ತಿಗೆ ಸರಿಯಾಗಿ, ಅವಳ ಕೌನ್ಸೆಲರ್ ಕೆಲಸ ಬಿಟ್ಟರು. ಶಾಲೆಯಿಂದ ಬಂದದ್ದು ಒಂದು ಇಮೇಲ್, ಹೊಸಬರ ಹೆಸರು ಮತ್ತು 'ನಿಮ್ಮ ಪಯಣದಲ್ಲಿ ಜೊತೆಗಿರುತ್ತೇವೆ' ಅನ್ನುವ ಸಾಲು. ಹೊಸ ಕೌನ್ಸೆಲರ್‌ಗೆ ಅವಳು ಒಂದು ಐಡಿ ನಂಬರ್. ಭೇಟಿಗೆ ಸಿಗುವ ಸಮಯ ಅವರ ಮಧ್ಯಾಹ್ನ, ಅಂದರೆ ನಮ್ಮ ರಾತ್ರಿ ಹನ್ನೊಂದೂವರೆ. ಮಗಳು ಮುಖ ತೊಳೆದುಕೊಂಡು, ಕೂದಲು ಕಟ್ಟಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಹಿಂದೆ ಅಜ್ಜಿ ರೂಮಿನಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು.

ಅವಳನ್ನು ಕಾಪಾಡಿದ್ದು ಇತಿಹಾಸದ ಟೀಚರು. ಅವರ ಕ್ಲಾಸು ರೆಕಾರ್ಡೆಡ್ ಅಲ್ಲ, ನೇರ. ಹನ್ನೆರಡು ಮಕ್ಕಳು, ಎಲ್ಲರ ಕ್ಯಾಮೆರಾ ಆನ್. ಎರಡು ವರ್ಷ ಅವಳ ಪ್ರಬಂಧ ತಿದ್ದಿದ್ದರು, ಅವಳ ಜೊತೆ ಜಗಳ ಆಡಿದ್ದರು. ಹಾಗಾಗಿ ಅವರಿಗೆ ಬರೆಯಲು ವಿಷಯ ಇತ್ತು. ವಿಡಿಯೋ ನೋಡಿ, ಕ್ವಿಜ್ ಒತ್ತಿ, ಗ್ರೇಡು ಪಡೆಯುವ ಶಾಲೆಯಲ್ಲಿ ಇಂಥ ಟೀಚರ್ ಹುಟ್ಟುವುದೇ ಇಲ್ಲ. ಆದ್ದರಿಂದ ಸೇರಿಸುವಾಗ ಕೇಳಿ: ವಾರಕ್ಕೆ ಎಷ್ಟು ಗಂಟೆ ನೇರ ಪಾಠ? ಬೆಂಗಳೂರಿನ ಗಡಿಯಾರದಲ್ಲಿ ಅದು ಎಷ್ಟು ಹೊತ್ತು? ನವೆಂಬರಿನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ನಮ್ಮ ಹತ್ತೂವರೆ ಹನ್ನೊಂದೂವರೆ ಆಗುತ್ತದೆ. ಹದಿನಾರು ವರ್ಷದ ಮಗುವಿಗೆ ಚಳಿಗಾಲ ಪೂರ್ತಿ ಅದು ಆಗುತ್ತಾ ಅಂತ ನೀವೇ ಯೋಚಿಸಿ. ಒಂದು ಶಾಲೆಯ ಪಾಠ ಚೆನ್ನಾಗಿದೆ ಅಂತ ಗೊತ್ತಿದ್ದರೂ ನಾವು ಈ ಕಾರಣಕ್ಕೇ ಬಿಟ್ಟೆವು.

ಇನ್ನು, ಹೊರಗಿನವರಿಗೆ ಏಳುವ ಅನುಮಾನ ಒಂದಿದೆ. ಯಾರೂ ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಪರೀಕ್ಷೆ ಬರೆದದ್ದು ಈ ಮಗುನೇನಾ? ಅದಕ್ಕೆ ಉತ್ತರ ಕೊಡುವುದು ಶಾಲೆಯ ಹೊರಗಿನ ಪರೀಕ್ಷೆಗಳು. ಎಂಐಟಿ 2022ರಲ್ಲಿ ಸ್ಯಾಟ್ ಅಥವಾ ಅದೇ ಥರದ ಎಸಿಟಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಜಾರ್ಜಿಯಾ ಟೆಕ್, ಪರ್ಡ್ಯೂ, ಫ್ಲೋರಿಡಾದ ಸರ್ಕಾರಿ ಯೂನಿವರ್ಸಿಟಿಗಳು, ಆಸ್ಟಿನ್ ಎಲ್ಲ ಕೇಳುತ್ತವೆ. ಐಚ್ಛಿಕ ಅಂತ ಬರೆದಿರುವ ಕಡೆಯೂ ಆನ್‌ಲೈನ್ ಮಕ್ಕಳು ಒಳ್ಳೆ ಅಂಕ ಇದ್ದರೆ ಕಳಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಸ್ಯಾಟ್ ಬೆಂಗಳೂರಿನಲ್ಲಿ ಸುಲಭ. ಎಪಿ ಕಷ್ಟ. ಅಮೆರಿಕದ ಮಾಮೂಲಿ ಶಾಲೆಯ ಮಕ್ಕಳು ತಮ್ಮ ಶಾಲೆಯಲ್ಲೇ ಎಪಿ ಪರೀಕ್ಷೆ ಬರೆಯುತ್ತಾರೆ. ನಮ್ಮವರಿಗೆ ಶಾಲೆಯೇ ಇಲ್ಲವಲ್ಲ. ಇಲ್ಲಿನ ಯಾವುದಾದರೂ ಇಂಟರ್‌ನ್ಯಾಷನಲ್ ಶಾಲೆಯವರು ಹೊರಗಿನ ಮಗುವನ್ನು ಕೂರಿಸಿಕೊಳ್ಳಲು ಒಪ್ಪಬೇಕು. ಪರೀಕ್ಷೆ ಮೇ ತಿಂಗಳಲ್ಲಿ, ಆದರೆ ಶಾಲೆಗಳು ನವೆಂಬರ್ ಮಧ್ಯದೊಳಗೆ ಪ್ರಶ್ನೆಪತ್ರಿಕೆಗೆ ಆರ್ಡರ್ ಹಾಕಿಬಿಡುತ್ತವೆ. ಸಂಕ್ರಾಂತಿ ಕಳೆದ ಮೇಲೆ ಫೋನ್ ಮಾಡಿದರೆ ತಡ. ಆಗಸ್ಟಿನಲ್ಲೇ ಶುರು ಮಾಡಿ. ಫೋನು ಎತ್ತಿದವರು 'ನಮ್ಮ ಸ್ಟೂಡೆಂಟ್ಸ್‌ಗೆ ಮಾತ್ರ ಮೇಡಂ' ಅನ್ನುತ್ತಾರೆ. ಎಪಿ ಕೋಆರ್ಡಿನೇಟರ್ ಯಾರು ಅಂತ ಕೇಳಿ, ಅವರಿಗೇ ಇಮೇಲ್ ಮಾಡಿ.

ನಾವು ಹೋದ ಶಾಲೆ ಯಲಹಂಕದ ಆಚೆ. ಗೇಟಿನಲ್ಲಿ ಸೆಕ್ಯೂರಿಟಿಯವರು ರಿಜಿಸ್ಟರ್ ಚಾಚಿದರು. 'ಯಾವ ಸ್ಕೂಲಮ್ಮ?' 'ಆನ್‌ಲೈನ್ ಸ್ಕೂಲು.' 'ಸರಿ, ಬಿಲ್ಡಿಂಗ್ ಎಲ್ಲಿದೆ?' ಮಗಳು ನಕ್ಕಳು. ನಾನು ಅಮೆರಿಕ ಅಂತ ಬರೆದೆ. ಒಳಗೆ ಯೂನಿಫಾರ್ಮ್ ಹಾಕಿದ ಮಕ್ಕಳ ಮಧ್ಯೆ ಇವಳೊಬ್ಬಳೇ ಬಣ್ಣದ ಕುರ್ತಾ. ಈಗ ಕ್ಯಾಲ್ಕುಲಸ್ ಪರೀಕ್ಷೆಯ ಅರ್ಧ ಲ್ಯಾಪ್‌ಟಾಪಿನಲ್ಲಿ, ಇನ್ನರ್ಧ ಕೈಯಲ್ಲಿ ಬರೆಯುವುದು. ಮೂರು ವರ್ಷದಿಂದ ಎಲ್ಲವನ್ನೂ ಟೈಪ್ ಮಾಡಿದ ಮಗುವಿಗೆ ಪೆನ್ಸಿಲ್ ಹಿಡಿದು ಬರೆಯುವ ಅಭ್ಯಾಸ ತಪ್ಪಿರುತ್ತದೆ. ಮನೆಯಲ್ಲಿ ಮೊದಲೇ ಬರೆಸಿ.

ಇನ್ನೊಂದು ವಿಷಯ. ಶಾಲೆಯವರು ಕೋರ್ಸಿನ ಹೆಸರಲ್ಲಿ ಎಪಿ ಅಂತ ಹಾಕಿಕೊಂಡರೆ ಸಾಲದು. ಎಪಿ, ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್ ಒಪ್ಪಿದ ಕೋರ್ಸುಗಳ ಪಟ್ಟಿ ಎಲ್ಲರಿಗೂ ಕಾಣುವಂತಿದೆ. ಶಾಲೆಯ ಹೆಸರು ಹಾಕಿ ನೋಡಿ.

ಕ್ಯಾಲಿಫೋರ್ನಿಯಾದ ಯುಸಿಗಳ ಕಥೆ ಸ್ವಲ್ಪ ಬೇರೆ. ಸ್ಯಾಟ್ ಅಂಕವನ್ನು ಅವರು ನೋಡುವುದೇ ಇಲ್ಲ. ಅರ್ಜಿ ಹಾಕುವಾಗ ಸಾಮಾನ್ಯವಾಗಿ ಶಿಫಾರಸು ಪತ್ರವನ್ನೂ ಕೇಳುವುದಿಲ್ಲ, ಟ್ರಾನ್ಸ್‌ಕ್ರಿಪ್ಟನ್ನೂ ಕೇಳುವುದಿಲ್ಲ. ಗ್ರೇಡುಗಳನ್ನು ಮಗುವೇ ತುಂಬಬೇಕು, ಸೀಟು ಸಿಕ್ಕ ಮೇಲೆ ತಾಳೆ ನೋಡುತ್ತಾರೆ. ಕೌನ್ಸೆಲರ್ ಕೈಕೊಟ್ಟ ಆನ್‌ಲೈನ್ ಮಗುವಿಗೆ ಇದು ಒಂಥರಾ ವರ. ಆದರೆ ಹೊರರಾಜ್ಯದವರಿಗೆ ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ) 3.4 ಇರಬೇಕು, ಒಳಗಿನವರಿಗೆ 3.0 ಸಾಕು. ಹೊರಗಿನ ಶಾಲೆಯಲ್ಲಿ ಓದಿದವರಿಗೆ ಆನರ್ಸ್ ಕೋರ್ಸಿನ ಹೆಚ್ಚುವರಿ ಅಂಕ ಇಲ್ಲ, ಎಪಿ, ಐಬಿ, ಕಾಲೇಜು ಕೋರ್ಸಿಗೆ ಮಾತ್ರ. ಶಾಲೆ ಕ್ಯಾಲಿಫೋರ್ನಿಯಾದ್ದಾಗಿದ್ದರೆ ಅದರ ಕೋರ್ಸುಗಳು ಯುಸಿಯವರು ಪ್ರವೇಶಕ್ಕೆ ಒಪ್ಪುವ ಕೋರ್ಸುಗಳ 'ಎ-ಜಿ' ಪಟ್ಟಿಯಲ್ಲಿವೆಯಾ ಅಂತ ನೋಡಿ, ಮುಖ್ಯವಾಗಿ ಲ್ಯಾಬ್ ಇರುವ ವಿಜ್ಞಾನ.

ಒಂಬತ್ತನೇ ಕ್ಲಾಸನ್ನು ಇಲ್ಲಿ ಸಿಬಿಎಸ್‌ಇಯಲ್ಲೋ ಐಸಿಎಸ್‌ಇಯಲ್ಲೋ ಓದಿ ಆಮೇಲೆ ಆನ್‌ಲೈನಿಗೆ ಬಂದವರು ಆ ಅಂಕಗಳನ್ನು ನೀವೇ ಜಿಪಿಎಗೆ ತಿರುಗಿಸಬೇಡಿ. ನೂರಕ್ಕೆ 82 ಅಂದರೆ ಅಲ್ಲಿ ಬಿ ಅಂತ ಕನ್ಸಲ್ಟೆಂಟ್ ಹೇಳಿದರೂ ಕೇಳಬೇಡಿ. ಇದ್ದದ್ದನ್ನು ಇದ್ದ ಹಾಗೇ ಹಾಕಿ. ಹಳೇ ಶಾಲೆಯಿಂದ ಸೀಲು ಹಾಕಿಸಿದ ಅಂಕಪಟ್ಟಿ ಈಗಲೇ ತಂದಿಟ್ಟುಕೊಳ್ಳಿ. ಎರಡು ವರ್ಷದ ನಂತರ ಹೋದರೆ ಕ್ಲರ್ಕು ಬದಲಾಗಿರುತ್ತಾರೆ.

ಕೊನೆಯದಾಗಿ ಒಂದು ಮಾತು, ಬೆಂಗಳೂರಿನ ಹೋಟೆಲುಗಳಲ್ಲಿ ಭಾನುವಾರ ಸಭೆ ಮಾಡಿ ಈ ಶಾಲೆಗಳ ಸೀಟು ಮಾರುವವರಿಗೆ. ಕಾಫಿ ಚೆನ್ನಾಗಿರುತ್ತದೆ, ಧನ್ಯವಾದ. ನಿಮ್ಮ ಸ್ಲೈಡಿನಲ್ಲಿ ದೊಡ್ಡ ಯೂನಿವರ್ಸಿಟಿಗಳ ಲಾಂಛನ ಹಾಕುವ ಮೊದಲು ಇಷ್ಟು ಹೇಳಿ. ನಿಮ್ಮಲ್ಲಿ ಒಬ್ಬ ಕೌನ್ಸೆಲರ್‌ಗೆ ಎಷ್ಟು ಮಕ್ಕಳು? ಭಾರತದ ಸಮಯಕ್ಕೆ ಸಿಗುವವರು ಒಬ್ಬರಾದರೂ ಇದ್ದಾರಾ? ಎಪಿ ಪರೀಕ್ಷೆಗೆ ಜಾಗ ಹುಡುಕಿ ಕೊಡುವವರು ನೀವಾ, ನಾವಾ? ಭಾರತದಿಂದ ಓದಿದ ನಿಮ್ಮ ಮಕ್ಕಳು ಕಳೆದ ವರ್ಷ ಎಲ್ಲಿ ಸೇರಿದರು, ಫೀಸು ಯಾವ ದರದಲ್ಲಿ ಕಟ್ಟಿದರು?

ಮುಂದಿನ ಸಭೆಗೆ ಹೋಗುವ ಅಪ್ಪ-ಅಮ್ಮಂದಿರೇ, ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರವನ್ನು ಇಮೇಲಿನಲ್ಲಿ ಕೊಡಿ ಅಂತ ಕೇಳಿ. ಅಡ್ವಾನ್ಸ್ ಅದು ಬಂದ ಮೇಲೆ ಕಟ್ಟಿ.

ಇಂತಿ,
ಬನಶಂಕರಿಯ ಒಬ್ಬ ತಾಯಿ